ರೇಡಿಯೇಟರ್‌ನ ಗಾಳಿ ‘ಬಿಡುವುದೋ’, ‘ತೆಗೆಯುವುದೋ’, ಇನ್ನೇನೋ?

ಎಲ್ಲರಿಗೂ ನಮಸ್ಕಾರ. ಒಂದು ಕ್ರಿಯಾಪದ ಬೇಕಾಗಿದೆ. ಚಳಿಗೆ ಮನೆ ಬೆಚ್ಚಗಿಡುವ ರೇಡಿಯೇಟರ್ ತಣ್ಣಗಿದ್ದಾಗ ಶುರುವಾದ ತಲೆಬಿಸಿ, ಅದು ಕಾದ ಮೇಲೂ ಇಳಿದಿಲ್ಲ.

ನಡೆದದ್ದು ಇಷ್ಟು. ನಾನು ಹೊರಗಿದ್ದೆ, ಮನೆಯಲ್ಲಿ ಅಮ್ಮ ಒಬ್ಬಳೇ. ಫೋನ್ ಮಾಡಿ ‘ಈ ಕೋಣೆಯದು ಕಾಯ್ತಾನೇ ಇಲ್ಲ ಕಣೋ, ಬೇರೆ ಎಲ್ಲಾ ಬಿಸಿ ಇವೆ’ ಅಂದಳು. ಕೈಯಿಟ್ಟು ನೋಡು ಅಂದೆ. ಕೆಳಗೆ ಬೆಚ್ಚಗಿದೆ, ಮೇಲೆಲ್ಲ ತಣ್ಣಗೆ ಕೊರೀತಿದೆ ಅಂದಳು. ಇದು ಸುಲಭದ ಕೇಸು. ಬಿಸಿನೀರು ಓಡಾಡುವ ಆ ಪೆಟ್ಟಿಗೆಯೊಳಗೆ ಗಾಳಿ ಸೇರಿಕೊಂಡರೆ, ಹಗುರ ಅಲ್ವಾ, ಮೇಲೆ ಹೋಗಿ ಕೂತುಬಿಡುತ್ತದೆ, ಆಮೇಲೆ ನೀರಿಗೆ ಅಲ್ಲಿ ಜಾಗವೇ ಇರುವುದಿಲ್ಲ. ‘ಹಾಗಾದ್ರೆ ಸ್ವಲ್ಪ ಗಾಳಿ ಬಿಡಬೇಕಮ್ಮ’ ಅಂದೆ. ಐದು ನಿಮಿಷ ಬಿಟ್ಟು ಮತ್ತೆ ಫೋನು. ‘ಬಿಟ್ಟೆ, ಚಳಿ ಇನ್ನೂ ಜಾಸ್ತಿ ಆಯ್ತಲ್ಲೋ!’ ಕಿಟಕಿ ತೆಗೆದು ಕೂತಿದ್ದಳು.

ತಪ್ಪು ನನ್ನದೇ. ‘ಗಾಳಿ ಬಿಡು’ ಅನ್ನುವುದು ಎರಡು ದಿಕ್ಕಿನ ಮಾತು. ‘ಕೋಣೆಗೆ ಗಾಳಿ ಬಿಡು’ ಅಂದರೆ ಒಳಕ್ಕೆ. ‘ಚಕ್ರದ ಗಾಳಿ ಬಿಡು’ ಅಂದರೆ ಹೊರಕ್ಕೆ. ದಿಕ್ಕು ತೋರಿಸುವುದು ಕ್ರಿಯಾಪದವಲ್ಲ, ಹಿಂದಿರುವ ನಾಮಪದದ ವಿಭಕ್ತಿ. ನಾನು ಅದನ್ನೇ ನುಂಗಿಬಿಟ್ಟಿದ್ದೆ.

ಆ ಸಂಜೆ ನಾನೇ ಬಂದು ಸರಿಮಾಡಿದೆ ಅನ್ನಿ. ಆದರೆ ಇನ್ನೊಮ್ಮೆ ಹೀಗಾದರೆ ಅಂತ ಕನ್ನಡದಲ್ಲೇ ಒಂದು ಚೀಟಿ ಬರೆದು ಅಂಟಿಸೋಣ ಎಂದು ಕೂತೆ. ಅಲ್ಲೇ ಸಿಕ್ಕಿಹಾಕಿಕೊಂಡದ್ದು.

ಇಂಗ್ಲಿಷಿನವರು ಈ ಕೆಲಸಕ್ಕೆ ‘ಬ್ಲೀಡ್’ ಅನ್ನುತ್ತಾರೆ. ಪದಕ್ಕೆ ಪದ ಇಟ್ಟರೆ ರೇಡಿಯೇಟರ್‌ನ ರಕ್ತ ಹರಿಸಬೇಕಾಗುತ್ತದೆ, ಅದು ಬೇಡ. ‘ಬಸಿ’ ಹೇಗೆ ಅಂತ ಯೋಚಿಸಿದೆ. ಒಳ್ಳೆಯ ಹಳೆಯ ಪದ, ನನಗೆ ಇಷ್ಟ ಕೂಡ. ಆದರೆ ಬಸಿಯುವಾಗ ಹೋಗುವುದು ನೀರು, ಅದೂ ಪೂರ್ತಿ ಹೋಗುವ ತನಕ. ಇಲ್ಲಿ ಹೋಗಬೇಕಾದ್ದು ಗಾಳಿ. ನೀರು ಕಂಡಿತು ಅಂದರೆ ಕೆಲಸ ಮುಗಿಯಿತು, ಮುಚ್ಚಬೇಕು. ‘ರೇಡಿಯೇಟರ್ ಬಸಿಯಿರಿ’ ಅಂತ ಬರೆದರೆ ನಂಬಿದವರ ಮನೆ ನೆಲವೆಲ್ಲ ಕಪ್ಪು ನೀರು.

‘ತೆಗೆ’ ಬಳಕೆಯಲ್ಲಿದೆ. ಡೀಸೆಲ್ ಪಂಪು, ಬ್ರೇಕು ರಿಪೇರಿ ಮಾಡುವವರು ‘ಏರ್ ತೆಗೀಬೇಕು’ ಅಂತಲೇ ಹೇಳುವುದು, ಕೆಲಸವೂ ಹೆಚ್ಚುಕಡಿಮೆ ಇದೇ. ಆದರೆ ಚೀಟಿಯಲ್ಲಿ ಒಂದು ತೊಡಕು ಇದೆ. ರೇಡಿಯೇಟರ್‌ನ ಮೇಲಿನ ಮೂಲೆಯಲ್ಲಿ ಒಂದು ಚಿಕ್ಕ ತಿರುಪು ಇರುತ್ತದೆ, ಚೌಕ ತೂತಿನ ಕೀಲಿಯಿಂದ ಅದನ್ನು ಎಡಕ್ಕೆ ಕಾಲು ಸುತ್ತು, ಹೆಚ್ಚೆಂದರೆ ಅರ್ಧ ಸುತ್ತು ತಿರುಗಿಸಬೇಕು, ಅಷ್ಟೇ. ‘ಗಾಳಿ ತೆಗೆಯಿರಿ’ ಎಂದು ಬರೆದು ಪಕ್ಕದಲ್ಲೇ ‘ತಿರುಪು ತೆಗೆಯಿರಿ’ ಎಂದು ಬರೆದರೆ, ಯಾರಾದರೂ ಅದನ್ನು ಬಿಚ್ಚಿ ಕೈಗೇ ತೆಗೆದುಕೊಂಡಾರು! ಹಾಗಾಗಿ ತಿರುಪಿಗೆ ‘ಸಡಿಲಿಸು’ ಅಂತ ಹಾಕಿದ್ದೇನೆ. ಅದಕ್ಕೂ ಮೊದಲು ಹೀಟಿಂಗ್ ಆರಿಸಿ, ಸ್ವಲ್ಪ ತಣಿಯಲು ಬಿಡಿ ಅಂತಲೂ. ಬಿಸಿನೀರು ಕೈಗೆ ಚಿಮ್ಮಬಾರದಲ್ಲ.

ಆಮೇಲೆ ಬರುವ ಸದ್ದು ‘ಬುಸ್’. ಅದಕ್ಕೆ ನಮ್ಮಲ್ಲಿ ಪದದ ಬರ ಇಲ್ಲ. ಬುಸುಗುಡುವುದು ನಿಂತು ನೀರು ‘ಜಿನುಗಿದ’ ಕೂಡಲೇ ಬಿಗಿ ಮಾಡಿ. ಇಲ್ಲಿ ‘ಸೋರಿದ’ ಅಂದರೆ ಏನೋ ಕೆಟ್ಟಿದೆ ಅನ್ನಿಸುತ್ತದೆ. ‘ಜಿನುಗು’ ಸರಿಯಾಗಿ ಕೂತಿತು. ಕೊನೆಗೆ ನೀರು ಕಾಯಿಸುವ ಬಾಯ್ಲರ್‌ನ ಒತ್ತಡದ ಮುಳ್ಳು ನೋಡಿ, ಗಾಳಿ ಹೋದಷ್ಟು ಒತ್ತಡವೂ ಇಳಿದಿರುತ್ತದೆ. ಮುಚ್ಚಿದ ವ್ಯವಸ್ಥೆಯಾದರೆ, ಅಂದರೆ ಒಳಗಿನ ನೀರು ಹೊರಗಿನ ಗಾಳಿಗೆ ತೆರೆದಿರದಿದ್ದರೆ, ತಣ್ಣಗಿರುವಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು.

ಇನ್ನು ರೋಗದ ಹೆಸರು. ‘ಗಾಳಿ ಹಿಡಿದಿದೆ’ ಅಂತ ಬರೆದು ನಾನೇ ನಕ್ಕೆ. ಗಾಳಿ ಹಿಡಿಯುವುದು ಮನುಷ್ಯರಿಗೆ, ಬಿಡಿಸುವುದಕ್ಕೆ ಬೇರೆಯೇ ಜನ ಬರಬೇಕು. ‘ಗಾಳಿ ತುಂಬಿದೆ’ ಅಂದರೆ ಬೇಕಂತಲೇ ಯಾರೋ ತುಂಬಿದ ಹಾಗೆ. ‘ಗಾಳಿ ಸೇರಿಕೊಂಡಿದೆ’ ಸಾಕು ಅನ್ನಿಸುತ್ತದೆ, ಕಳ್ಳ ಹೊಕ್ಕ ಹಾಗೆ. ಒಂದು ತಕರಾರು: ಪದೇ ಪದೇ ಸೇರಿಕೊಳ್ಳುವುದು ಯಾವಾಗಲೂ ಗಾಳಿಯೇ ಆಗಿರಬೇಕಿಲ್ಲ. ಒಳಗಿನ ಉಕ್ಕು ತುಕ್ಕು ಹಿಡಿಯುವಾಗ ಹೈಡ್ರೋಜನ್ ಹುಟ್ಟುತ್ತದೆ, ಅದು ಉರಿಯುವ ಅನಿಲ. ತೂತಿನ ಹತ್ತಿರ ಬೆಂಕಿಕಡ್ಡಿ ಗೀರಿ ನೋಡಬೇಡಿ. ಪದದ ದೃಷ್ಟಿಯಿಂದ ಅದನ್ನೂ ಗಾಳಿ ಅಂತಲೇ ಕರೆಯೋಣ, ಅಮ್ಮನ ಚೀಟಿಗೆ ರಸಾಯನಶಾಸ್ತ್ರ ಬೇಡ.

ಉಲ್ಟಾ ಕೇಸೂ ಇದೆ. ಮೇಲೆ ಬಿಸಿ, ಕೆಳಗೆ ನಡುವೆ ತಣ್ಣಗೆ. ಆಗ ಗಾಳಿಯನ್ನು ಎಷ್ಟು ಬಿಟ್ಟರೂ ಪ್ರಯೋಜನವಿಲ್ಲ. ತುಕ್ಕಿನ ಕಪ್ಪು ರಾಡಿ ತಳದಲ್ಲಿ ಕೂತು ನೀರಿಗೆ ಅಡ್ಡ ಬಂದಿರುತ್ತದೆ, ಪೂರ್ತಿ ತೊಳೆದು ಹೊರಹಾಕಬೇಕು. ಇದಕ್ಕೆ ‘ಕೆಸರು’ ಅನ್ನಲು ಮನಸ್ಸು ಬರಲಿಲ್ಲ, ಅದರಲ್ಲಿ ಮಣ್ಣಿಲ್ಲವಲ್ಲ. ‘ಕಿಟ್ಟ’ ಅಂದರೆ ಕಬ್ಬಿಣದಿಂದ ಬಂದದ್ದು ಅಂತ ತಕ್ಷಣ ಗೊತ್ತಾಗುತ್ತದೆ, ವಸ್ತುವಿಗೆ ಹತ್ತಿರದ ಪದ. ಆದರೆ ‘ಹೂಳು’ ಅದರ ನಡತೆಯನ್ನೇ ಹೇಳುತ್ತದೆ: ನೀರಿನ ಜೊತೆ ಬಂದು, ಹರಿವು ನಿಧಾನವಾದ ಕಡೆ ತಳಕ್ಕಿಳಿದು, ದಾರಿ ಮುಚ್ಚುವುದು. ಕೆರೆಯಲ್ಲಿ ಆಗುವುದೂ ಇದೇ ತಾನೇ. ನನ್ನ ಓಟು ಹೂಳಿಗೆ. ಕಿಟ್ಟದ ಪರ ಇರುವವರು ಜಗಳಕ್ಕೆ ಬರಬಹುದು.

ಇಡೀ ರೇಡಿಯೇಟರ್ ತಣ್ಣಗಿದ್ದು ಉಳಿದವು ಬಿಸಿಯಾಗಿದ್ದರೆ, ಪಕ್ಕದ ಅಂಕಿಗಳಿರುವ ವಾಲ್ವಿನ ತಲೆ ಬಿಚ್ಚಿ ನೋಡಬೇಕು. ಒಳಗೊಂದು ಚಿಕ್ಕ ಕಡ್ಡಿ ಇರುತ್ತದೆ, ಒತ್ತಿದರೆ ಇಳಿದು ಬಿಟ್ಟರೆ ತಾನೇ ಮೇಲೆ ಬರಬೇಕು. ಬೇಸಿಗೆಯಿಡೀ ಮುಚ್ಚಿಟ್ಟರೆ ಕೆಳಗೇ ‘ಕಚ್ಚಿಕೊಳ್ಳುತ್ತದೆ’. ಈ ಪದಕ್ಕೆ ಚರ್ಚೆ ಬೇಡ, ಇದಕ್ಕಿಂತ ಚೆನ್ನಾದದ್ದು ಸಿಗಲಾರದು. ‘ಬ್ಯಾಲೆನ್ಸಿಂಗ್’ಗೆ ಸುಮ್ನೆ ‘ನೀರು ಹಂಚುವುದು’ ಅಂತ ಬರೆದೆ. ಬಾಯ್ಲರ್‌ಗೆ ಹತ್ತಿರದವು ನೀರೆಲ್ಲ ಎಳೆದುಕೊಂಡು ಕೊನೆಯದಕ್ಕೆ ಏನೂ ಉಳಿಯದಿದ್ದರೆ, ಹತ್ತಿರದವುಗಳ ವಾಲ್ವ್ ಸ್ವಲ್ಪ ಬಿಗಿ ಮಾಡುವ ಕೆಲಸ ಅದು. ‘ಸಮತೋಲನ’ ಅಂದರೆ ಅಮ್ಮ ತಕ್ಕಡಿ ಹುಡುಕುತ್ತಾಳೆ.

ರೇಡಿಯೇಟರ್‌ಗೇ ಕನ್ನಡ ಪದ ಬೇಡವೇ ಅಂತ ಕೇಳುವವರಿಗೆ: ‘ವಿಕಿರಣಕ’ ಅಂದರೆ ಜನ ಅಣುಸ್ಥಾವರ ಅಂದುಕೊಂಡು ಓಡಿಹೋಗುತ್ತಾರೆ. ಅದು ಸರಿಯೂ ಅಲ್ಲ, ಕಾವು ಹರಡುವುದು ಬಹುಪಾಲು ಅದನ್ನು ಸವರಿಕೊಂಡು ಮೇಲೇರುವ ಗಾಳಿಯಿಂದ. ‘ಕಾವುಪೆಟ್ಟಿಗೆ’ ಅಂತ ಒಮ್ಮೆ ಬರೆದು ನೋಡಿದೆ, ಮೊಟ್ಟೆಗೆ ಕಾವು ಕೊಡುವ ಯಂತ್ರದ ಹಾಗೆ ಕೇಳಿಸಿತು, ಹೊಡೆದುಹಾಕಿದೆ. ಕಾರಿನ ಎಂಜಿನ್ ತಣಿಸುವುದೂ ರೇಡಿಯೇಟರ್, ಕೋಣೆ ಬೆಚ್ಚಗೆ ಮಾಡುವುದೂ ರೇಡಿಯೇಟರ್. ಗೊಂದಲ ಇದ್ದರೂ ಅದೇ ಇರಲಿ.

ಈಗ ಚೀಟಿಯಲ್ಲಿ ಹೀಗಿದೆ: ‘ಹೀಟಿಂಗ್ ಆರಿಸು. ತಣಿಯಲಿ. ಬಟ್ಟೆ ಹಿಡಿದು ತಿರುಪು ಕಾಲು ಸುತ್ತು ಸಡಿಲಿಸಿ ಗಾಳಿ ____. ನೀರು ಜಿನುಗಿದರೆ ಬಿಗಿ ಮಾಡು.’ ಆ ಗೆರೆಯ ಮೇಲೆ ಸದ್ಯಕ್ಕೆ ಪೆನ್ಸಿಲಿನಲ್ಲಿ ‘ಹೊರಗೆ ಬಿಡು’ ಅಂತಿದೆ. ಒಂದೇ ಪದದಲ್ಲಿ ಆಗುವುದಿಲ್ಲವೇ? ಪಂಪು, ಪೈಪಿನ ಕೆಲಸ ಮಾಡುವವರ ಬಾಯಲ್ಲಿ ‘ಏರ್ ತೆಗೆ’ ಬಿಟ್ಟು ಬೇರೆ ಮಾತು ಕೇಳಿದವರಿದ್ದರೆ ದಯವಿಟ್ಟು ಬರೆಯಿರಿ, ಯಾವ ಕಡೆಯ ಬಳಕೆ ಅನ್ನುವುದನ್ನೂ ಸೇರಿಸಿ.