ಸಹಾಯ ಬೇಕು: ಹೂವರ್ ಅಣೆಕಟ್ಟಿನ ಒಳಗಿನ ಪ್ರವಾಸದ ಬಗ್ಗೆ

ಮಾನ್ಯರೇ, ಮುಂದಿನ ತಿಂಗಳು ತಂದೆಯವರನ್ನು ಲಾಸ್ ವೇಗಸ್‌ಗೆ ಕರೆದೊಯ್ಯುತ್ತಿದ್ದು, ಅಲ್ಲಿಂದ ಸುಮಾರು 50 ಕಿ.ಮೀ. ದೂರದ ಮರುಭೂಮಿಯಲ್ಲಿ ಕೊಲರಾಡೊ ನದಿಗೆ ಅಡ್ಡಲಾಗಿ ಕಟ್ಟಿರುವ ಹೂವರ್ ಅಣೆಕಟ್ಟನ್ನು ನೋಡಬೇಕೆಂದಿದ್ದೇವೆ. ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಅವರಿಗೆ 221 ಮೀಟರ್ ಎತ್ತರದ ಈ ಕಾಂಕ್ರೀಟ್ ಕಮಾನನ್ನು ಮೇಲಿನ ರಸ್ತೆಯಿಂದಷ್ಟೇ ನೋಡಿದರೆ ಸಮಾಧಾನವಾಗದು. ಸಣ್ಣ ಗುಂಪನ್ನು ಲಿಫ್ಟಿನಲ್ಲಿ ಕೆಳಗಿಳಿಸಿ, ಜನರೇಟರುಗಳನ್ನೂ ಗೋಡೆಯೊಳಗಿನ ತಪಾಸಣಾ ಸುರಂಗಗಳನ್ನೂ ತೋರಿಸುವ ಪ್ರವಾಸವೇ ಆಗಬೇಕೆಂದು (ಮಗುವಿನಂತೆ) ಹಟ ಹಿಡಿದಿದ್ದಾರೆ. ಇದರ ಟಿಕೆಟ್ ಸ್ಥಳದಲ್ಲಿಯೇ, ಮೊದಲು ಬಂದವರಿಗೆ ಮೊದಲು ಎಂಬಂತೆ ದೊರೆಯುವುದರಿಂದ, ಇತ್ತೀಚೆಗೆ ಹೋಗಿಬಂದವರು ಬೆಳಿಗ್ಗೆ ಎಷ್ಟು ಗಂಟೆಗೆ ಸರತಿಯಲ್ಲಿ ನಿಂತಿದ್ದಿರೆಂದು ದಯವಿಟ್ಟು ತಿಳಿಸಿ. ಮಂಡಿನೋವಿರುವವರಿಗೆ ಸುರಂಗದೊಳಗಿನ ನಡಿಗೆ ಕಷ್ಟವಾಗುವುದೇ, ನಡುವೆ ಕುಳಿತುಕೊಳ್ಳಲು ಅವಕಾಶವಿದೆಯೇ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.