ಮ್ಯಾಚ್ ಲೈವ್ ಮಧ್ಯೆ ಧರ್ಮದ ಜಾಹೀರಾತು ಹಾಕಬಹುದಾ? ನಮ್ಮ ಟೂರ್ನಮೆಂಟ್ ಕಮಿಟೀಲಿ ಒಮ್ಮತ ಆಗ್ತಿಲ್ಲ

ಮಿಡ್‌ವಿಕೆಟ್_ಕೆಎ17

ದಾವಣಗೆರೆಯಿಂದ ಬರೀತಿದೀನಿ. ನಮ್ಮ ಏರಿಯಾ ಹುಡುಗರು ಸೇರಿ ವರ್ಷಕ್ಕೊಂದ್ಸಲ ಹೊನಲು ಬೆಳಕಿನ ಟೆನಿಸ್ ಬಾಲ್ ಟೂರ್ನಮೆಂಟ್ ಮಾಡ್ತೀವಿ, ಹರಿಹರ, ಜಗಳೂರು, ಹೊಳಲ್ಕೆರೆ, ಚಿತ್ರದುರ್ಗ ಎಲ್ಲ ಕಡೆಯಿಂದ ಟೀಮ್ ಬರ್ತವೆ. ಎರಡು ವರ್ಷದಿಂದ ಯೂಟ್ಯೂಬಲ್ಲಿ ಲೈವ್ ಬಿಡ್ತಿದೀವಿ, ಅದನ್ನೇ ಊರಿನ ಕೇಬಲ್‌ನವರು ತಮ್ಮ ಲೋಕಲ್ ಚಾನೆಲ್‌ನಲ್ಲೂ ಹಾಕ್ತಾರೆ, ಹಂಗಾಗಿ ಮೊಬೈಲ್ ಮುಟ್ಟದ ಅಜ್ಜಂದಿರೂ ಮನೇಲಿ ಟಿವಿ ಮುಂದೆ ಕೂತು ನೋಡ್ತಾರೆ.

ಈ ಸಲ ಒಂದು ಧಾರ್ಮಿಕ ಸಂಸ್ಥೆಯವರು 40 ಸಾವಿರ ಕೊಡ್ತೀವಿ ಅಂದಿದಾರೆ. ಓವರ್ ಮುಗಿದಾಗ 20 ಸೆಕೆಂಡಿನ ವಿಡಿಯೋ ಹಾಕಬೇಕು, ಗ್ರೌಂಡಿನ ಎಲ್‌ಇಡಿ ಸ್ಕ್ರೀನಲ್ಲೂ ಬರಬೇಕು, "ನಿಮ್ಮ ಕಷ್ಟಕ್ಕೆಲ್ಲ ಇಲ್ಲಿ ದಾರಿ ಇದೆ, ಬನ್ನಿ" ಅನ್ನೋ ಥರದ್ದು. ಯಾವ ಧರ್ಮದವರು ಅಂತ ಹೇಳಲ್ಲ, ಹೇಳಿದ್ರೆ ಮಾತು ಆ ಕಡೆ ತಿರುಗುತ್ತೆ, ಯಾವ ಧರ್ಮದವರು ಕೇಳಿದ್ರೂ ನನ್ನ ಪ್ರಶ್ನೆ ಇದೇ.

ನನಗೆ ಯಾಕೆ ಹಿಂಜರಿಕೆ ಅಂದ್ರೆ ಹೋದ ವರ್ಷ ಇಂಥದ್ದೇ ಒಂದು ವಿಡಿಯೋ, ಬೇರೆ ಸಂಸ್ಥೆದು, ಹಿಂದೆ ಮುಂದೆ ನೋಡದೆ ತಗೊಂಡಿದ್ವಿ. ಸೆಮಿಫೈನಲ್ಲು, ಕೊನೇ ಓವರ್, 11 ರನ್ ಬೇಕು. ವಿಡಿಯೋ ಓಡ್ತಾ ಇದೆ, ಬೌಲರ್ ಓಡಿ ಬಂದೇಬಿಟ್ಟ, ಲೈವ್ ವಾಪಸ್ ಬರೋ ಹೊತ್ತಿಗೆ ಮೊದಲ ಬಾಲೇ ಸಿಕ್ಸ್ ಹೋಗಿತ್ತು, ಮನೇಲಿ ನೋಡ್ತಿದ್ದವರಿಗೆ ಕಂಡಿದ್ದು ಪೊದೆಯಲ್ಲಿ ಬಾಲ್ ಹುಡುಕ್ತಿರೋ ಹುಡುಗರು ಮಾತ್ರ. ಸರಿ, ಜನ ಬೈದ್ರು, ಅದು ನ್ಯಾಯ. ಆದ್ರೆ ಎರಡೇ ನಿಮಿಷದಲ್ಲಿ ಲೈವ್ ಚಾಟಲ್ಲಿ ಸಿಕ್ಸಿನ ಮಾತು ಹೋಗಿ ನಿಮ್ಮ ದೇವರು ನಮ್ಮ ದೇವರು ಶುರುವಾಯ್ತು, ಮನೆ ಹೆಣ್ಮಕ್ಕಳ ವಿಷಯ ಎತ್ತೋ ಮಟ್ಟಕ್ಕೆ ಹೋಯ್ತು, ಕೊನೆಗೆ ಚಾಟ್ ಬಂದ್ ಮಾಡಿದ್ವಿ. ಆಡ್ತಿದ್ದ ಎರಡೂ ಟೀಮಲ್ಲಿ ಎಲ್ಲ ಜಾತಿ ಎಲ್ಲ ಧರ್ಮದ ಹುಡುಗರಿದ್ರು, ಅವರಿಗೆ ಇದ್ಯಾವುದೂ ಗೊತ್ತೇ ಇಲ್ಲ, ಒಂದೇ ಬಾಟ್ಲಿ ನೀರು ಕುಡೀತಿದ್ರು.

ಈಗ ಕಮಿಟೀಲಿ ಅರ್ಧ ಜನ ದುಡ್ಡು ಬಿಡಬ್ಯಾಡ ಅಂತಾರೆ. ಜನರೇಟರ್ ಡೀಸೆಲ್ಲು, ಲೈಟಿನ ಬಾಡಿಗೆ, ಕ್ಯಾಮೆರಾದವರು, ಎಲ್ಲಾದಕ್ಕೂ ದುಡ್ಡು ಬೇಕೇ ಬೇಕು. ಗೊತ್ತಿರೋರು ಹೇಳ್ರಿ, ದೊಡ್ಡ ಟಿವಿಗಳಲ್ಲಿ ಇದನ್ನ ಹೆಂಗೆ ನೋಡ್ತಾರೆ? ಐಪಿಎಲ್ಲಲ್ಲಿ ಇಂಥ ಜಾಹೀರಾತು ಯಾಕೆ ಬರಲ್ಲ?

ದುರ್ಗದ_ಹೈದ

ಅಣ್ಣ ನಮ್ಮೂರು ಚಿತ್ರದುರ್ಗ, ಈಗ ಒಂಬತ್ತು ವರ್ಷದಿಂದ ಅಮೆರಿಕದ ಡಲ್ಲಾಸಲ್ಲಿದೀನಿ. ನೀವು ಕೇಳಿದ್ದು ಇಲ್ಲಿ ವರ್ಷಕ್ಕೊಂದ್ಸಲ ದೊಡ್ಡ ಗಲಾಟೆ ಆಗೋ ವಿಷಯ.

ಸೂಪರ್ ಬೌಲ್ ಅಂತ ಇವರ ಫುಟ್ಬಾಲ್ ಫೈನಲ್, ನಮ್ಮ ಇಂಡಿಯಾ ಪಾಕಿಸ್ತಾನ ಮ್ಯಾಚ್ ಇದ್ದಂಗೆ ಅಂದ್ಕೊಳ್ಳಿ, ಮ್ಯಾಚ್ ಗೊತ್ತಿಲ್ಲದವರೂ ಜಾಹೀರಾತು ನೋಡೋಕೇ ಕೂತ್ಕೋತಾರೆ. 2023ರ ಫೆಬ್ರವರಿಯಲ್ಲಿ ಚೀಫ್ಸ್ ಈಗಲ್ಸ್ ಮ್ಯಾಚ್ ದಿನ "ಹಿ ಗೆಟ್ಸ್ ಅಸ್" ಅನ್ನೋ ಪ್ರಚಾರದವರು ಯೇಸು ಬಗ್ಗೆ ಎರಡು ಜಾಹೀರಾತು ಹಾಕಿದ್ರು. ಆ ವರ್ಷ ಬರೀ 30 ಸೆಕೆಂಡಿಗೆ ಸುಮಾರು 70 ಲಕ್ಷ ಡಾಲರ್ ರೇಟು. ಒಂದರಲ್ಲಿ ಮಕ್ಕಳು ಒಬ್ಬರಿಗೊಬ್ಬರು ಸಹಾಯ ಮಾಡೋದು, ಇನ್ನೊಂದರಲ್ಲಿ ಜನ ರಸ್ತೆಯಲ್ಲಿ ಮುಖಕ್ಕೆ ಮುಖ ಕೊಟ್ಟು ಕೂಗಾಡ್ತಿರೋ ಕಪ್ಪು ಬಿಳುಪು ಫೋಟೋಗಳು, ಕೊನೆಗೆ ಯೇಸು ನಾವು ದ್ವೇಷ ಮಾಡೋರನ್ನೂ ಪ್ರೀತಿಸಿದ ಅನ್ನೋ ಮಾತು.

ಮುಂದಿನ ವರ್ಷ 2024ರಲ್ಲಿ ಪಾದ ತೊಳೆಯೋ ಜಾಹೀರಾತು. ಪೊಲೀಸ್ ಒಬ್ಬ ಕರಿಯ ಹುಡುಗನ ಪಾದ ತೊಳೀತಾನೆ, ಹಿಂಗೇ ಒಂದಾದ ಮೇಲೊಂದು ಫೋಟೋ, ಕೊನೆಗೆ "ಯೇಸು ದ್ವೇಷ ಕಲಿಸಲಿಲ್ಲ, ಪಾದ ತೊಳೆದ". ನಮ್ಮ ಕಡೆ ಪಾದಪೂಜೆ ಅಂದ್ರೆ ಶಿಷ್ಯರು ಗುರುಗಳ ಪಾದ ತೊಳೆಯೋದು ಅಲ್ವಾ, ಇಲ್ಲಿ ಅದು ಉಲ್ಟಾ, ಮೇಲಿರೋರು ಕೆಳಗೆ ಕೂತು ತೊಳೆಯೋದು, ನನಗೆ ನಿಜವಾಗ್ಲೂ ಮನಸ್ಸಿಗೆ ತಾಗ್ತು. ಆದ್ರೆ ರಿಯಾಕ್ಷನ್ ಏನಾಯ್ತು ಗೊತ್ತಾ? ಎರಡೂ ಕಡೆಯಿಂದ ಬೈಗುಳ. ಉದಾರವಾದಿಗಳು ಈ ಪ್ರಚಾರಕ್ಕೆ ದುಡ್ಡು ಹಾಕಿದವರ ರಾಜಕೀಯ ಕೆದಕಿದ್ರು, ಹಾಬಿ ಲಾಬಿ ಅನ್ನೋ ಅಂಗಡಿ ಸರಣಿಯ ಮಾಲೀಕರ ಕುಟುಂಬ ತಾವೂ ದುಡ್ಡು ಕೊಟ್ಟಿದೀವಿ ಅಂತ ಬಹಿರಂಗವಾಗೇ ಹೇಳಿತ್ತು. ಸಂಪ್ರದಾಯದವರು ಇದರಲ್ಲಿ ಪಾಪ, ಪಶ್ಚಾತ್ತಾಪದ ಮಾತೇ ಇಲ್ಲ, ಇದೆಂಥ ಯೇಸು ಅಂದ್ರು. ಇನ್ನು ಸಾಮಾನ್ಯ ಫ್ಯಾನ್ಸ್ ಹೇಳಿದ್ದು ಒಂದೇ ಮಾತು, ಇಷ್ಟು ಕೋಟಿಯಲ್ಲಿ ಎಷ್ಟು ಹಸಿದವರಿಗೆ ಊಟ ಹಾಕಬಹುದಿತ್ತು ಅಂತ.

ಆವತ್ತು ನಾನು ಆಫೀಸಿನ ಗೆಳೆಯನ ಮನೇಲಿದ್ದೆ, ಹನ್ನೊಂದು ಜನ. ಅಲ್ಲಿವರೆಗೂ ಬಿಯರ್ ಜಾಹೀರಾತಿಗೆ, ಕಾರ್ ಜಾಹೀರಾತಿಗೆ ಎಲ್ಲರೂ ಜೋರಾಗಿ ಮಾರ್ಕ್ಸ್ ಕೊಡ್ತಿದ್ರು. ಪಾದ ತೊಳೆಯೋದು ಬಂದಾಗ ರೂಮಲ್ಲಿ ಶಬ್ದ ಇಲ್ಲ. ನಮ್ಮಲ್ಲಿ ಪ್ರತಿ ಭಾನುವಾರ ಚರ್ಚಿಗೆ ಹೋಗೋನು ಒಬ್ಬ ಇದಾನೆ, ತುಂಬ ಒಳ್ಳೆ ಮನುಷ್ಯ, ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಮೂರು ದಿನ ಊಟ ತಂದುಕೊಟ್ಟೋನು. ಅವನು ಟಿವಿ ನೋಡ್ತಿರಲಿಲ್ಲ, ನಮ್ಮ ಮುಖ ನೋಡ್ತಿದ್ದ, ಯಾರು ಏನಂತಾರೋ ಅಂತ. ಆಮೇಲೆ ಕಾರ್ ಹತ್ರ ನಿಂತು ಹೇಳಿದ, ನನ್ನ ದೇವರನ್ನ ಚಿಪ್ಸ್ ಜಾಹೀರಾತಿನ ಪಕ್ಕ ನಿಲ್ಲಿಸಿ ನಿಮ್ಮೆಲ್ಲರ ಹತ್ರ ಮಾರ್ಕ್ಸ್ ಹಾಕಿಸಿದಂಗಾಯ್ತು ಅಂತ. ನಂಬೋನಿಗೇ ನೋವಾಗಿತ್ತು ಅಣ್ಣ. ನೀವು ಕಮಿಟೀಲಿ ಈ ಮಾತು ಹೇಳಿ.

ಲೋಕಲ್_ಚಾನೆಲ್

ನಾನು ಹದಿನೆಂಟು ವರ್ಷ ಕೇಬಲ್ ಲೈನಲ್ಲಿ ಕೆಲಸ ಮಾಡ್ದೋನು, ಕಾನೂನಿನ ವಿಷಯ ಹೇಳ್ತೀನಿ. ಐಪಿಎಲ್ಲಲ್ಲಿ ಯಾಕೆ ಬರಲ್ಲ ಅಂದ್ರಲ್ಲ, ಬರಂಗೇ ಇಲ್ಲ. ಕೇಬಲ್ ಟೆಲಿವಿಷನ್ ನೆಟ್‌ವರ್ಕ್ ರೂಲ್ಸ್ 1994 ಅಂತ ಇದೆ, ಅದರ 7ನೇ ರೂಲ್ ಜಾಹೀರಾತಿನದು. ಪೂರ್ತಿಯಾಗಿ ಅಥವಾ ಮುಖ್ಯವಾಗಿ ಧಾರ್ಮಿಕ ಇಲ್ಲವೇ ರಾಜಕೀಯ ಉದ್ದೇಶ ಇರೋ ಜಾಹೀರಾತು ಹಾಕಂಗಿಲ್ಲ ಅಂತ ಅದರಲ್ಲಿ ಬರೆದೈತೆ. ಎಲೆಕ್ಷನ್ ಟೈಮಲ್ಲಿ ಪಾರ್ಟಿಗಳ ಜಾಹೀರಾತು ಬರ್ತಾವಲ್ಲ ಅಂತ ಕೇಳಬಹುದು, ಅದು 2004ರಲ್ಲಿ ಸುಪ್ರೀಂ ಕೋರ್ಟ್ ಚುನಾವಣಾ ಆಯೋಗದ ಕಡೆಯಿಂದ ಮೊದಲೇ ಸರ್ಟಿಫಿಕೇಟ್ ತಗೊಂಡು ಹಾಕ್ರಿ ಅಂದ ಮೇಲೆ ಬಂದಿದ್ದು. ಧರ್ಮಕ್ಕೆ ಅಂಥ ದಾರಿ ಇಲ್ಲ.

ಆ ಯಂತ್ರ ಈ ತಾಯತ ಕೊಂಡ್ರೆ ಸಾಲ ತೀರುತ್ತೆ ಅನ್ನೋವೂ ಅಷ್ಟೇ, ಪವಾಡದ ಶಕ್ತಿ ಐತೆ ಅಂತ ಹೇಳಿ ಮಾರಂಗಿಲ್ಲ ಅಂತಾನೂ ಅದೇ ರೂಲ್ಸಲ್ಲಿ ಐತೆ, 2021ರಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಹನುಮಾನ್ ಚಾಲೀಸಾ ಯಂತ್ರದ ಟಿವಿ ಜಾಹೀರಾತು ಕಾನೂನುಬಾಹಿರ ಅಂತ ಹೇಳಿಬಿಡ್ತು. ಆದ್ರೂ ಸಣ್ಣ ಊರುಗಳ ಲೋಕಲ್ ಚಾನೆಲಲ್ಲಿ ಮ್ಯಾಚ್ ಕೆಳಗೆ ಪಟ್ಟಿ ಓಡ್ತಾನೇ ಇರ್ತಾವೆ, ಸ್ತ್ರೀ ಪುರುಷ ವಶೀಕರಣ, ಗಂಡ ಹೆಂಡತಿ ಜಗಳ, ಒಂದೇ ದಿನದಲ್ಲಿ ಪರಿಹಾರ ಅಂತ. ನಾನು ಕೆಲಸ ಮಾಡ್ತಿದ್ದ ಕಡೆನೂ ಹಾಕ್ತಿದ್ರು, ತಿಂಗಳ ಸಂಬಳ ಅದರಲ್ಲೇ ಬರ್ತಿತ್ತು. ಒಂದಿನ ಒಬ್ಬ ತಾಯಿ ಆಫೀಸಿಗೆ ಬಂದು, ಆ ನಂಬರಿಗೆ ಫೋನ್ ಮಾಡಿ ಹನ್ನೆರಡು ಸಾವಿರ ಕಳ್ಕೊಂಡೆ, ನಿಮ್ಮ ಟಿವೀಲಿ ಬಂತಲ್ಲ ಅಂತ ನಂಬಿದ್ದೆ ಅಂತ ಅತ್ತಳು. ಅವತ್ತಿಂದ ನನಗೆ ಆ ಪಟ್ಟಿ ಟೈಪ್ ಮಾಡೋಕೆ ಕೈ ಬರಲಿಲ್ಲ.

ನಿಮ್ಮ ಕೇಸಲ್ಲಿ ಯೂಟ್ಯೂಬಿಗೆ ಆ ಕೇಬಲ್ ರೂಲ್ಸ್ ಹತ್ತಲ್ಲ. ಆದ್ರೆ ಅದೇ ಲೈವನ್ನ ಕೇಬಲ್‌ನವರು ಎತ್ತಿ ಹಾಕ್ತಾರೆ ಅಂದ್ರಲ್ಲ, ಆಗ ವಿಡಿಯೋ ಸಮೇತ ಹೋಗ್ತೈತೆ, ತೊಂದರೆ ಬಂದ್ರೆ ಪಾಪ ಕೇಬಲ್‌ನವನ ಕೊರಳಿಗೆ. ಅವನಿಗೊಂದು ಮಾತು ಹೇಳದೆ ತಗೋಬ್ಯಾಡ್ರಿ.

ಹಟ್ಟಿ_ತಿಪ್ಪೇಶ_ಭಕ್ತ

ನಾನು ಇದನ್ನ ಒಪ್ಪಲ್ಲ ಸ್ವಾಮಿ, ಬೇಜಾರಾಗಬ್ಯಾಡ್ರಿ. ಮ್ಯಾಚ್ ಮಧ್ಯೆ ಏಲಕ್ಕಿ ಹೆಸರಲ್ಲಿ ಗುಟ್ಕಾ ಕಂಪನಿ ಜಾಹೀರಾತು ಬರ್ತೈತೆ, ಸೋಡಾ ಹೆಸರಲ್ಲಿ ಎಣ್ಣೆ ಕಂಪನಿದು ಬರ್ತೈತೆ, ಮೊನ್ನೆ ಮೊನ್ನೆ 2025ರಲ್ಲಿ ಕಾನೂನು ಬರೋ ತನಕ ದುಡ್ಡು ಕಟ್ಟಿ ಆಡೋ ಆ್ಯಪ್‌ಗಳದೇ ದರ್ಬಾರು, ನಮ್ಮ ಹಳ್ಳಿ ಹುಡುಗರು ಎಷ್ಟು ಜನ ಹಾಳಾದ್ರು. ಅದಕ್ಕೆಲ್ಲ ಯಾರಿಗೂ ಮುಜುಗರ ಇಲ್ಲ, ದೇವರ ಹೆಸರು ಬಂದ ತಕ್ಷಣ ಎಲ್ಲರಿಗೂ ಮುಜುಗರ ಯಾಕೆ?

ಇನ್ನೊಂದು, ಆಟಾನೂ ದೇವರೂ ಬೇರೆ ಬೇರೆ ಅಂತ ಹೇಳಿದವರು ಯಾರು? ದಾವಣಗೆರೆ ದುಗ್ಗಮ್ಮನ ಜಾತ್ರೇಲಿ ಕುಸ್ತಿ ನಡೆಯಲ್ವಾ, ಅಖಾಡಕ್ಕೆ ಇಳಿಯೋ ಪೈಲ್ವಾನ ಮಣ್ಣು ಹಣೆಗೆ ಹಚ್ಕೊಂಡೇ ಇಳೀತಾನೆ. ದುಡ್ಡು ಬಂದ್ರೆ ದೇವರು ಮೈಲಿಗೆ ಆಗ್ತಾನೆ ಅನ್ನೋದೂ ನಮ್ಮಲ್ಲಿಲ್ಲ, ನಾಯಕನಹಟ್ಟಿ ತೇರಿನ ದಿನ ತೇರಿನ ಮೇಲಿನ ಮುಕ್ತಿ ಬಾವುಟ ಹರಾಜು ಕೂಗ್ತಾರೆ, ಲಕ್ಷಗಟ್ಟಲೆ ಹೋಗುತ್ತೆ, ಜನ ಅದನ್ನ ಭಕ್ತಿ ಅಂತಾನೇ ನೋಡ್ತಾರೆ. ನಲವತ್ತು ಸಾವಿರ ಒಳ್ಳೆ ಕಡೆಯಿಂದ ಬಂದ್ರೆ ತಗೊಂಡು ಹುಡುಗರಿಗೆ ಒಳ್ಳೆ ಊಟ ಹಾಕ್ರಿ. ಸಿಕ್ಸ್ ಮಿಸ್ ಆಗಿದ್ದು ಆಪರೇಟರ್ ತಪ್ಪು, ದೇವರ ತಪ್ಪಲ್ಲ.

ಮಿಡ್‌ವಿಕೆಟ್_ಕೆಎ17

@ಹಟ್ಟಿ_ತಿಪ್ಪೇಶ_ಭಕ್ತ ಅಣ್ಣಾರೆ ಗುಟ್ಕಾ ಮಾತು ನೂರಕ್ಕೆ ನೂರು ಸರಿ, ನಾವು ಅದನ್ನೂ ತಗೊಳ್ಳಲ್ಲ. ಆದ್ರೆ ದುಗ್ಗಮ್ಮನ ಜಾತ್ರೆಗೆ ಹೋಗೋನು ದುಗ್ಗಮ್ಮನ ಹತ್ರ ಅಂತಾನೇ ಹೋಗ್ತಾನೆ, ಅಲ್ಲಿ ಕುಸ್ತಿ ಅಮ್ಮನ ಅಂಗಳದಲ್ಲಿ ನಡೆಯೋದು. ನಮ್ಮ ಗ್ರೌಂಡಿಗೆ ಬರೋನು ಮ್ಯಾಚ್ ನೋಡೋಕೆ ಬಂದಿರ್ತಾನೆ, ಅವನು ಎದ್ದು ಹೋಗೋಕೂ ಆಗದ ಹೊತ್ತಲ್ಲಿ ತೋರಿಸ್ತೀವಿ. ನನಗೆ ಚುಚ್ಚೋದು ಅದು.

ಎರಡನೇ_ಸ್ಲಿಪ್

ಹೋದ ವರ್ಷ ಆ ಸೆಮಿಫೈನಲ್ಲಲ್ಲಿ ಸ್ಕೋರ್ ಬರೀತಿದ್ದೋನು ನಾನೇ ಅಣ್ಣ, ಟೇಬಲ್ಲಿಂದ ಸ್ಕ್ರೀನ್ ನೇರಕ್ಕೆ ಕಾಣ್ತಿತ್ತು. ನೀವು ಚಾಟ್ ಜಗಳ ಹೇಳಿದ್ರಿ, ಗ್ರೌಂಡಲ್ಲಿ ಆಗಿದ್ದು ಹೇಳ್ತೀನಿ. ನನ್ನ ಪಕ್ಕ ಎದುರು ಟೀಮಿನ ಸ್ಕೋರರ್ ಕೂತಿದ್ದ, ಅವನದು ನನ್ನದು ಧರ್ಮ ಬೇರೆ. ಮಧ್ಯಾಹ್ನದಿಂದ ಒಂದೇ ಪೇಪರಲ್ಲಿ ಮಂಡಕ್ಕಿ ಮಿರ್ಚಿ ತಿಂತಾ, ಪ್ರತಿ ಓವರ್ ಆದ್ಮೇಲೆ ಇಬ್ಬರ ಪುಸ್ತಕ ತಾಳೆ ನೋಡ್ಕೊಳ್ತಿದ್ವಿ. ಆ ವಿಡಿಯೋ ಬಂದಾಗ ಅವನು ಪೆನ್ಸಿಲ್ ಕೆಳಗಿಟ್ಟ, ಸ್ಕ್ರೀನೂ ನೋಡಲಿಲ್ಲ ನನ್ನೂ ನೋಡಲಿಲ್ಲ, ಪುಸ್ತಕದ ಮೂಲೆ ಮಡಚ್ತಾ ಕೂತ. ನಾನೂ ಏನು ಮಾತಾಡಬೇಕು ಅಂತ ತಿಳೀದೆ ಸುಮ್ನಾದೆ. ಅದು ನಮ್ಮ ಧರ್ಮದ್ದೇ ವಿಡಿಯೋ, ಅದಕ್ಕೇ ಇನ್ನೂ ಸಂಕಟ. ಮ್ಯಾಚ್ ಮುಗಿದ ಮೇಲೆ ಎರಡೂ ಪುಸ್ತಕದಲ್ಲಿ ಒಂದು ರನ್ ವ್ಯತ್ಯಾಸ ಬಂತು, ದಿನಪೂರ್ತಿ ಬಂದಿರಲಿಲ್ಲ.

ನಂಬಿಕೆ ಬೇಡ ಅಂತ ಅಲ್ಲ. ಹಾಶಿಂ ಆಮ್ಲಾ ದಕ್ಷಿಣ ಆಫ್ರಿಕಾಕ್ಕೆ ಅಷ್ಟು ವರ್ಷ ಆಡಿದ್ರು, ಮುಸ್ಲಿಮರಿಗೆ ಮದ್ಯ ನಿಷಿದ್ಧ ಅಂತ ಟೀಮಿನ ಬಿಯರ್ ಕಂಪನಿ ಲೋಗೋ ಇಲ್ಲದ ಜೆರ್ಸೀನೇ ಹಾಕಿದ್ರು, ಯಾರಿಗೂ ಪ್ರವಚನ ಮಾಡಲಿಲ್ಲ. ಅದು ಅವರ ನಂಬಿಕೆ, ನೋಡಿ ಗೌರವ ಬರುತ್ತೆ. ಅದೇ ಮೈ ಮೇಲೆ ಸಂದೇಶ ಹಾಕ್ಕೊಂಡು ಬಂದ್ರೆ ಐಸಿಸಿ ಒಪ್ಪಲ್ಲ, 2019ರ ವಿಶ್ವಕಪ್ಪಲ್ಲಿ ನಮ್ಮ ಧೋನಿ ಗ್ಲೌಸ್ ಮೇಲಿನ ಸೇನೆಯ ಬಲಿದಾನ್ ಚಿಹ್ನೆ ತೆಗೀರಿ ಅಂದ್ರು, 2023ರಲ್ಲಿ ಆಸ್ಟ್ರೇಲಿಯಾದ ಉಸ್ಮಾನ್ ಖ್ವಾಜಾ ಶೂ ಮೇಲೆ ಎಲ್ಲ ಜೀವಗಳೂ ಸಮಾನ ಅಂತ ಬರ್ಕೊಂಡಿದ್ದಕ್ಕೂ ಬಿಡಲಿಲ್ಲ. ಖ್ವಾಜಾ ವಿಷಯದಲ್ಲಿ ನನಗೆ ಐಸಿಸಿ ಮೇಲೆ ಸಿಟ್ಟಿದೆ, ಆದ್ರೂ ಒಂದು ಯೋಚನೆ ಮಾಡಿ, ಒಬ್ಬ ಆಟಗಾರ ತನ್ನ ಮನಸ್ಸಿನ ಮಾತು ಬರ್ಕೊಂಡ್ರೇ ಬೇಡ ಅನ್ನೋ ಆಟದಲ್ಲಿ ದುಡ್ಡು ಕೊಟ್ಟೋರ ಮಾತು ಯಾಕೆ ತೋರಿಸ್ಬೇಕು.

ಹರಿಹರದ ಆರೋಗ್ಯ ಮಾತೆ ಚರ್ಚಿಗೆ ಸೆಪ್ಟೆಂಬರ್ ಹಬ್ಬಕ್ಕೆ ನಮ್ಮ ಅಮ್ಮ ಮೊಂಬತ್ತಿ ಹಚ್ಚೋಕೆ ಹೋಗ್ತಾಳೆ, ಅವಳಿಗೆ ಯಾವ ಜಾಹೀರಾತೂ ಯಾರೂ ತೋರಿಸಿಲ್ಲ.

ಮಿಡ್‌ವಿಕೆಟ್_ಕೆಎ17

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ರಾತ್ರಿ ಕಮಿಟೀಲಿ ನಿಮ್ಮೆಲ್ಲರ ಮಾತು ಓದಿ ಹೇಳಿದೆ, ಸ್ಕೋರರ್ ತಮ್ಮ ಬರೆದಿದ್ದು ಓದುವಾಗ ನಮ್ಮ ಖಜಾಂಚಿ, ಅಂದ್ರೆ ದುಡ್ಡು ತಗೋಳೋಣ ಅಂತ ಜೋರು ಮಾಡ್ತಿದ್ದೋನೇ, ತಲೆ ಬಗ್ಗಿಸ್ಕೊಂಡ. ವಿಡಿಯೋ ಬೇಡ ಅಂತ ಆಯ್ತು, ಯಾವ ಧರ್ಮದ್ದೂ ಬೇಡ, ವಶೀಕರಣದ ಪಟ್ಟಿನೂ ಬೇಡ, ಕೇಬಲ್‌ನವರಿಗೂ ಫೋನ್ ಮಾಡಿ ಹೇಳಿದೀವಿ.

ಬೆಳಿಗ್ಗೆ ನಾನೂ ಖಜಾಂಚಿನೂ ಆ ಸಂಸ್ಥೆಯ ಹಿರಿಯರ ಹತ್ರ ಹೋಗಿದ್ವಿ, ಫೋನಲ್ಲಿ ಹೇಳೋ ಮಾತಲ್ಲ ಇದು. ವಿಡಿಯೋ ಬದಲು ಬೇಕಾದ್ರೆ ನೀರಿನ ಕ್ಯಾನಿಗೆ ಸಹಾಯ ಮಾಡ್ರಿ ಅಂದ್ವಿ. ಅವರಿಗೆ ಬೇಜಾರಾಯ್ತು, ಮುಚ್ಚುಮರೆ ಮಾಡಲಿಲ್ಲ, ನಮ್ಮ ಹೆಸರಿಗೆ ಜಾಗ ಇಲ್ಲದ ಕಡೆ ನಮ್ಮ ನೀರು ಯಾಕಪ್ಪ ಅಂದ್ರು. ಟೀ ಕುಡಿಸೇ ಕಳಿಸಿದ್ರು. ನನಗೂ ವಾಪಸ್ ಬರೋವಾಗ ಗಾಡಿ ಮೇಲೆ ಮಾತೇ ಹೊರಡಲಿಲ್ಲ.

ಈಗ 40 ಸಾವಿರ ಕಮ್ಮಿ ಬಿದ್ದೈತೆ. ಎಂಟ್ರಿ ಫೀಸು ಟೀಮಿಗೆ 500 ಜಾಸ್ತಿ ಮಾಡಿದೀವಿ, ಎಲ್‌ಇಡಿ ಸ್ಕ್ರೀನ್ ಕ್ಯಾನ್ಸಲ್, ಮಂಡಿಪೇಟೆಯ ಇಬ್ಬರು ಅಂಗಡಿಯವರು ಐದೈದು ಸಾವಿರ ಕೊಡ್ತೀವಿ ಅಂದಿದಾರೆ. ಇನ್ನೂ ಡೀಸೆಲ್ ದುಡ್ಡು ಹೊಂದಿಸ್ಬೇಕು. ದುರ್ಗದ ಕಡೆ ಟೀಮ್ ಇದ್ರೆ ಮೆಸೇಜ್ ಮಾಡ್ರಿ, ನಾಲ್ಕು ಜಾಗ ಖಾಲಿ ಅದಾವೆ.