ಅಪ್‌ಡೇಟ್: ಮಡೂರೊ ಸಿಗಾರಿಗೆ ಸ್ಟೌಟೇ ಸರಿಯಾದ ಜೋಡಿ

ಮಡೂರೊ ಎಂಬ ಕಡುಕಂದು ತಂಬಾಕಿನ ಎಲೆಯ ಹೊದಿಕೆಯುಳ್ಳ ಸಿಗಾರಿನೊಂದಿಗೆ ಪುಣೆಯಲ್ಲಿ ಸಿಗುವ ಯಾವ ಬಗೆಯ ಕ್ರಾಫ್ಟ್ ಬಿಯರ್ ಹೊಂದುತ್ತದೆ ಎಂಬ ನನ್ನ ಪ್ರಶ್ನೆಗೆ ಕೆಲವರು ಸ್ಟೌಟ್ (ಕಪ್ಪು ಬಣ್ಣದ ಬಿಯರ್) ಎಂದೂ ಕೆಲವರು ಐಪಿಎ (ಇಂಡಿಯಾ ಪೇಲ್ ಏಲ್ ಎಂಬ ಕಹಿ ಬಿಯರ್) ಎಂದೂ ಉತ್ತರಿಸಿದ್ದಿರಿ. ಕೋಥ್ರೂಡಿನ ಮನೆಯ ಬಾಲ್ಕನಿಯಲ್ಲಿ ಭಾವನವರೊಂದಿಗೆ ಕುಳಿತು ಎರಡನ್ನೂ ಸಾವಧಾನವಾಗಿ ಪರೀಕ್ಷಿಸಿದೆ. 2009ರಲ್ಲಿ ಡೂಲಾಲಿ ಎಂಬ ಮೈಕ್ರೋಬ್ರೂವರಿ (ಸಣ್ಣ ಬಿಯರ್ ತಯಾರಿಕಾ ಘಟಕ) ಆರಂಭವಾದ ಈ ಊರಿನಲ್ಲಿ ತಾಜಾ ಬಿಯರಿಗೆ ಕೊರತೆಯಿಲ್ಲ.

ಮಡೂರೊ ಎಲೆಯನ್ನು ಹೆಚ್ಚು ಕಾಲ, ಹೆಚ್ಚು ಶಾಖದಲ್ಲಿ ಹುದುಗಿಸುವುದರಿಂದ ಅದರ ಹೊಗೆಯಲ್ಲಿ ಬೆಲ್ಲದ ಪಾಕವನ್ನು ನೆನಪಿಸುವ ಸಿಹಿಯಿರುತ್ತದೆ. ಸ್ಟೌಟಿನಲ್ಲಿರುವ ಹುರಿದ ಬಾರ್ಲಿಯ ಕಾಫಿಯಂಥ ಕಹಿಯು ಆ ಸಿಹಿಯನ್ನು ಮುಚ್ಚಿಹಾಕದೆ ಎತ್ತಿ ಹಿಡಿಯುತ್ತದೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದರೆ ಇದು ತಿಳಿಯುವುದಿಲ್ಲ. ಗ್ಲಾಸಿನ ಹೊರಮೈಯ ಹನಿಗಳು ಇಳಿದು, ಬಿಯರ್ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೆಯೇ ಕೋಕೋದ ಪರಿಮಳ ಬಿಚ್ಚಿಕೊಂಡಿತು, ಮತ್ತು ಅಲ್ಲಿಂದ ಮುಂದಿನ ಪ್ರತಿಯೊಂದು ಗುಟುಕೂ ನಿಜಕ್ಕೂ ಸೊಗಸಾಗಿತ್ತು.

ಐಪಿಎಯಲ್ಲಿರುವ ಹಾಪ್ಸ್ ಎಂಬ ಹೂವಿನ ಕಹಿಯಾದರೋ ಸಿಗಾರಿನ ಕೊನೆಯ ಭಾಗದ ಖಾರದೊಂದಿಗೆ ಸೇರಿ ನಾಲಿಗೆಯನ್ನು ಒರಟಾಗಿಸಿತು. ಅದಕ್ಕೆ ತಿಳಿಬಣ್ಣದ, ಸೌಮ್ಯವಾದ ಕನೆಕ್ಟಿಕಟ್ ಹೊದಿಕೆಯ ಸಿಗಾರು ಹೊಂದುತ್ತದೆ ಎಂಬುದು ಭಾವನವರ ಅಭಿಪ್ರಾಯ. ನನಗೆ ಅಂಥ ಸಿಗಾರಿಗೂ ಗೋಧಿ ಬಿಯರೇ ಮೇಲೆನಿಸುತ್ತದೆ. ಸ್ಟೌಟ್ ಸೂಚಿಸಿದವರಿಗೆಲ್ಲ ಮನಃಪೂರ್ವಕ ಧನ್ಯವಾದಗಳು.